ಗಾಡಿ ಕುದುರೆಯ ಪಂದ್ಯ: ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮ



ಕುದುರೆ ಗಾಡಿಯೆಂದರೆ ನಮ್ಮ ಸೀಮೆಗೆ ಹೊಸದಲ್ಲ. ಕಲಬುರಗಿ ನಗರದಲ್ಲಿ ಟಾಂಗಾ ಹತ್ತಿ ಬಜಾರಕ್ಕೂ ರೈಲು ನಿಲ್ದಾಣಕ್ಕೂ ಹೋಗಿಬಂದ ಹಿರಿಯರು ಈಗಲೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆಟೋರಿಕ್ಷಾ ಬಂದ ಮೇಲೆ ಟಾಂಗಾಗಳು ವಿರಳವಾದವು. ಆದರೆ ಕುದುರೆಯ ಮೇಲಿನ ಮಮತೆ ಮಾತ್ರ ಹೋಗಿಲ್ಲ. ಜಾತ್ರೆ ಬಂತೆಂದರೆ ತರುಣರಿಗೆ ಗಾಡಿ ಹೂಡಿ ಓಡಿಸಬೇಕೆಂಬ ಹುಮ್ಮಸ್ಸು ಬರುತ್ತದೆ.

ಈ ಹುಮ್ಮಸ್ಸು ತಪ್ಪಲ್ಲ. ಆದರೆ ಒಂದು ಮಾತು ಯೋಚಿಸಿರಿ. ಓಟವೆಂದರೆ ಒಂದೇ ಗೆರೆ, ಒಂದೇ ಶಿಳ್ಳೆ, ಮೊದಲು ಮುಟ್ಟಿದವನೇ ಗೆದ್ದವ ಎಂದಾದರೆ, ಹತ್ತು ವರ್ಷ ಪಳಗಿದ ಕುದುರೆಯೂ ಮೂರು ವರ್ಷದ ಮರಿಯೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಗೆದ್ದವನಿಗೆ ರುಮಾಲು, ತೆಂಗಿನಕಾಯಿ ಸಿಗುತ್ತದೆ. ಕಾಲು ಮುರಿದ ಮರಿಯ ಒಡೆಯನಿಗೆ ಏನು ಸಿಕ್ಕೀತು? ಗಾಡಿ ಹೂಡಿಯೇ ಬದುಕುವ ಮನೆಯಲ್ಲಿ ಕುದುರೆ ಕುಂಟಿತೆಂದರೆ ಒಲೆ ಆರಿತೆಂದೇ ತಿಳಿಯಿರಿ.

ಇದಕ್ಕೆ ಬೇರೊಂದು ದಾರಿ ಉಂಟು. ಹೊರದೇಶಗಳಲ್ಲಿ ಗಾಡಿ ಕುದುರೆಯ ಪಂದ್ಯವನ್ನು ಶಾಲೆಯ ತರಗತಿಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಅದರ ಕ್ರಮವನ್ನು ತಿಳಿದು, ನಮಗೆ ಉಪಯೋಗವಾಗುವಷ್ಟನ್ನು ಆರಿಸಿಕೊಳ್ಳುವುದೇ ಈ ಪಾಠದ ಉದ್ದೇಶ.

1. ಈ ಪಂದ್ಯ ಹೇಗೆ ಬಂತು?

ಕುದುರೆ ಕ್ರೀಡೆಗಳಿಗೆಲ್ಲ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ. ಅದು 1921ರಲ್ಲಿ ಹುಟ್ಟಿತು. ನಮ್ಮ ದೇಶದ ಪರವಾಗಿ ಭಾರತ ಅಶ್ವಾರೋಹಣ ಒಕ್ಕೂಟವು ಅದರ ಸದಸ್ಯನಾಗಿದೆ. ಇಂಗ್ಲೆಂಡಿನ ರಾಣಿಯ ಪತಿ ಫಿಲಿಪ್ ರಾಜಕುಮಾರರು 1964ರಿಂದ 1986ರವರೆಗೆ ಆ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲಿಯೇ ಗಾಡಿ ಓಡಿಸುವ ಪಂದ್ಯಕ್ಕೆ ಎಲ್ಲ ದೇಶಗಳಿಗೂ ಒಪ್ಪುವ ನಿಯಮಗಳು ರಚಿತವಾದವು. ನಾಲ್ಕು ಕುದುರೆ ಹೂಡುವ ಗಾಡಿಗಳ ಮೊದಲ ವಿಶ್ವ ಪಂದ್ಯ 1972ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ ನಡೆಯಿತು. ಪೋಲೋ ಆಟ ಬಿಟ್ಟ ಮೇಲೆ, ಐವತ್ತರ ವಯಸ್ಸಿನಲ್ಲಿ, ಫಿಲಿಪ್ ರಾಜಕುಮಾರರು ತಾವೇ ಈ ವಿದ್ಯೆಯನ್ನು ಕಲಿತು ಪಂದ್ಯಕ್ಕಿಳಿದರು. ಕಲಿಯುವುದಕ್ಕೆ ವಯಸ್ಸು ಅಡ್ಡಿಯಲ್ಲವೆಂಬುದಕ್ಕೆ ಇದು ಸಾಕ್ಷಿ. ಅಂಗವಿಕಲರಿಗೂ ಇದರಲ್ಲಿ ಪ್ರತ್ಯೇಕ ಸ್ಪರ್ಧೆಗಳಿವೆ.

2. ಮೂರು ಪರೀಕ್ಷೆಗಳು

ಈ ಪಂದ್ಯದಲ್ಲಿ ಬರಿಯ ಓಟವಿಲ್ಲ. ಒಬ್ಬನೇ ಚಾಲಕ ಮೂರು ಪರೀಕ್ಷೆಗಳನ್ನು ಕೊಡಬೇಕು.

ಮೊದಲನೆಯದು ನಡೆಯ ಪರೀಕ್ಷೆ. ಇದಕ್ಕೆ ಡ್ರೆಸಾಜ್ ಎನ್ನುತ್ತಾರೆ. ಅಳತೆ ಹಾಕಿದ ಬಯಲಿನಲ್ಲಿ ನಡಿಗೆ, ಜಗ್ಗುನಡೆ, ನಿಲುಗಡೆ, ಹಿಂದೆ ಸರಿಯುವುದು, ಸುತ್ತು ಹಾಕುವುದು ಇವನ್ನೆಲ್ಲ ಹೇಳಿದ ಸ್ಥಳದಲ್ಲಿ, ಹೇಳಿದ ಕ್ರಮದಲ್ಲಿ ಮಾಡಿ ತೋರಿಸಬೇಕು. ತೀರ್ಪುಗಾರರು ಒಂದೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಕುದುರೆಯ ಮೈ, ಗಾಡಿಯ ಸ್ವಚ್ಛತೆ, ಹಗ್ಗ ಹಲ್ಲಣಗಳ ಅಚ್ಚುಕಟ್ಟು ಇವೂ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು ದೂರದ ಪರೀಕ್ಷೆ, ಅಂದರೆ ಮ್ಯಾರಥಾನ್. ದಾರಿಯಲ್ಲಿ ಕಂಬ, ಬೇಲಿ, ನೀರುಗುಂಡಿ ಮುಂತಾದ ತಡೆಗಳಿರುತ್ತವೆ. ಪ್ರತಿ ತಡೆಯಲ್ಲಿಯೂ ಅಕ್ಷರ ಬರೆದ ದ್ವಾರಗಳಿದ್ದು, ಅವನ್ನು ಕ್ರಮ ತಪ್ಪದೆ ದಾಟಬೇಕು. ಕೆಂಪು ಬಾವುಟ ಬಲಕ್ಕೆ, ಬಿಳಿ ಬಾವುಟ ಎಡಕ್ಕೆ ಇರಬೇಕು. ಗಾಡಿಯ ಹಿಂದೆ ನಿಂತ ಸಹಾಯಕನು ತಿರುವಿನಲ್ಲಿ ತನ್ನ ಭಾರವನ್ನು ಅತ್ತಿತ್ತ ಹಾಕಿ ಗಾಡಿ ಮಗುಚದಂತೆ ನೋಡಿಕೊಳ್ಳುತ್ತಾನೆ. ಕಟ್ಟಕಡೆಯ ಭಾಗಕ್ಕೆ ಹೋಗುವ ಮೊದಲು ಕಡ್ಡಾಯ ವಿಶ್ರಾಂತಿಯಿದ್ದು, ಅಲ್ಲಿ ಪಶುವೈದ್ಯರು ಕುದುರೆಯ ನಾಡಿ, ಉಸಿರು ನೋಡುತ್ತಾರೆ. ಅವರು ಸಾಕೆಂದರೆ ಸಾಕು. ಅಲ್ಲಿಗೆ ಆ ಗಾಡಿಯ ಪಂದ್ಯ ಮುಗಿಯಿತು.

ಮೂರನೆಯದು ಶಂಕುಗಳ ಪರೀಕ್ಷೆ. ಜೋಡಿ ಜೋಡಿ ಶಂಕುಗಳನ್ನು ನಿಲ್ಲಿಸಿ ಅವುಗಳ ತಲೆಯ ಮೇಲೆ ಚೆಂಡು ಇಟ್ಟಿರುತ್ತಾರೆ. ಇಂಥ ಜೋಡಿಗಳು 20ರವರೆಗೆ ಇರಬಹುದು. ಗಾಲಿ ತಾಗದಂತೆ ನಡುವೆ ಹಾಯಬೇಕು. ಚೆಂಡು ಬಿದ್ದರೆ 3 ದಂಡದ ಅಂಕ.

ಮೂರರಲ್ಲಿಯೂ ಬಂದ ದಂಡದ ಅಂಕಗಳನ್ನು ಕೂಡಿಸುತ್ತಾರೆ. ಯಾರದು ಕಡಿಮೆಯೋ ಅವರೇ ಗೆದ್ದವರು. ಒಂದು ಲೆಕ್ಕ ನೋಡಿರಿ. ಮೊದಲನೆಯವನಿಗೆ ನಡೆಯಲ್ಲಿ 48, ದೂರದಲ್ಲಿ 70, ಶಂಕುಗಳಲ್ಲಿ 9 ದಂಡ ಬಂತೆನ್ನಿ, ಒಟ್ಟು 127. ಎರಡನೆಯವನಿಗೆ 56, 66, ಮತ್ತು ಸೊನ್ನೆ, ಒಟ್ಟು 122. ನಡೆಯಲ್ಲಿ ಹಿಂದಿದ್ದರೂ ಎರಡನೆಯವನೇ ಗೆದ್ದ. ಒಂದರಲ್ಲಿ ಮಾತ್ರ ಜಾಣನಾದರೆ ಸಾಲದು, ಮೂರರಲ್ಲಿಯೂ ಹದವಾಗಿರಬೇಕೆಂಬುದು ಇದರ ಮರ್ಮ.

3. ವರ್ಗ ಬೇರೆ, ಮಟ್ಟ ಬೇರೆ

ಇಲ್ಲಿ ಎರಡು ಮಾತುಗಳನ್ನು ಬೆರೆಸಬಾರದು.

ವರ್ಗವೆಂದರೆ ಗಾಡಿಗೆ ಹೂಡಿದ ಪ್ರಾಣಿಗಳ ಲೆಕ್ಕ. ಒಂಟಿ ಕುದುರೆ, ಜೋಡು ಕುದುರೆ, ನಾಲ್ಕು ಕುದುರೆ ಎಂದು ವರ್ಗಗಳಿವೆ. ಎತ್ತರ 148 ಸೆಂಟಿಮೀಟರಿಗೆ ಮೀರದ ತಟ್ಟುಗಳಿಗೆ ಬೇರೆ ವರ್ಗ. ದೊಡ್ಡ ಕುದುರೆಯೊಡನೆ ತಟ್ಟು ಹೋರಾಡಬೇಕಾಗಿಲ್ಲ.

ಮಟ್ಟವೆಂದರೆ ಕಲಿಕೆಯ ಲೆಕ್ಕ. ಅಮೆರಿಕದಲ್ಲಿ ನಾಲ್ಕು ಮಟ್ಟಗಳಿವೆ: ಕಲಿಕೆ, ಪ್ರಾರಂಭಿಕ, ಮಧ್ಯಮ, ಉನ್ನತ. ಅದಕ್ಕೂ ಮೇಲೆ ಅಂತರರಾಷ್ಟ್ರೀಯ ಪಂದ್ಯಗಳಿದ್ದು, ಅವುಗಳ ಕಷ್ಟವನ್ನು ನಕ್ಷತ್ರಗಳ ಲೆಕ್ಕದಲ್ಲಿ ಗುರುತಿಸುತ್ತಾರೆ. ವಿಶ್ವ ಪಂದ್ಯಕ್ಕೆ ಹೋಗಬೇಕಾದರೆ ಕೆಳಗಿನ ಪಂದ್ಯಗಳನ್ನು ಸರಿಯಾಗಿ ಪೂರೈಸಿ ಅರ್ಹತೆ ಪಡೆದಿರಬೇಕು. ಹಣವಿದೆಯೆಂದು ನೇರವಾಗಿ ಮೇಲಿನ ಮೆಟ್ಟಿಲಿಗೆ ಜಿಗಿಯುವಂತಿಲ್ಲ.

ಮಟ್ಟ ಏರಿದಂತೆ ಏನು ಬದಲಾಗುತ್ತದೆ? ಕೆಳಗಿನ ಮಟ್ಟದಲ್ಲಿ ನಡಿಗೆ ಮತ್ತು ಜಗ್ಗುನಡೆ ಸಾಕು, ನಾಗಾಲೋಟ ಕೇಳುವುದಿಲ್ಲ. ದೂರ ಕಡಿಮೆ, ವೇಗ ಕಡಿಮೆ. ತಡೆಗಳಲ್ಲಿ ದಾಟಬೇಕಾದ ದ್ವಾರಗಳು ಕಡಿಮೆ. ಶಂಕುಗಳ ನಡುವಿನ ಅಂತರ ಹೆಚ್ಚು. ಮೇಲೇರಿದಂತೆ ನಡೆಗಳು ಸೂಕ್ಷ್ಮವಾಗುತ್ತವೆ, ದೂರ ಹೆಚ್ಚುತ್ತದೆ, ಅಂತರ ಕಿರಿದಾಗುತ್ತದೆ. ಮೂರು ಪರೀಕ್ಷೆಗಳು ಮಾತ್ರ ಎಲ್ಲ ಮಟ್ಟದಲ್ಲಿಯೂ ಅವೇ. ಒಂದನೆಯ ತರಗತಿಯಲ್ಲಿಯೂ ಲೆಕ್ಕವೇ, ಹತ್ತನೆಯದರಲ್ಲಿಯೂ ಲೆಕ್ಕವೇ. ಕಷ್ಟ ಬೇರೆ ಅಷ್ಟೆ.

ಇನ್ನೊಂದು ಮುಖ್ಯ ಸಂಗತಿ. ಚಾಲಕನ ಮಟ್ಟ ಬೇರೆ, ಕುದುರೆಯ ಮಟ್ಟ ಬೇರೆ ಆಗಿರಬಹುದು. ಇಪ್ಪತ್ತು ವರ್ಷ ಲಗಾಮು ಹಿಡಿದವನಾದರೂ ಹೊಸ ಮರಿಯನ್ನು ಹೂಡಿದ ದಿನ ಕೆಳಗಿನ ಮೆಟ್ಟಿಲಿನಿಂದಲೇ ತೊಡಗಬೇಕು. ಯಜಮಾನನ ಅನುಭವ ಕುದುರೆಯ ಮೂಳೆಗೆ ಬಲ ತರುವುದಿಲ್ಲ.

4. ನಮ್ಮ ನಾಡಿನಲ್ಲಿಯೂ ಮೆಟ್ಟಿಲುಗಳಿವೆ

ಇದೆಲ್ಲ ಪರದೇಶದ ಮಾತೆಂದು ತಳ್ಳಬೇಡಿರಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳವನ್ನು ನೋಡಿರಿ. ಅಲ್ಲಿ ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂಬ ವಿಭಾಗಗಳಿವೆ. ಹಗ್ಗ ಮತ್ತು ನೇಗಿಲಿನಲ್ಲಿ ಮತ್ತೆ ಹಿರಿಯ, ಕಿರಿಯ ಎಂದು ಎರಡೆರಡು. ಎಳೆಯ ಕೋಣಗಳು ಕಿರಿಯ ವಿಭಾಗದಲ್ಲಿ ಓಡುತ್ತವೆ, ಬಲಿತವು ಹಿರಿಯದರಲ್ಲಿ. ಕನೆಹಲಗೆಯಲ್ಲಂತೂ ವೇಗಕ್ಕಿಂತ ನೀರು ಎಷ್ಟೆತ್ತರ ಚಿಮ್ಮಿತೆಂಬುದೇ ಲೆಕ್ಕ.

ನಮ್ಮ ಸೀಮೆಯ ರೈತನೂ ಇದನ್ನು ಬಲ್ಲ. ಸಂತೆಯಲ್ಲಿ ದೇವಣಿ ಹೋರಿಯನ್ನಾಗಲಿ, ಖಿಲಾರಿ ಹೋರಿಯನ್ನಾಗಲಿ ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದಕ್ಕೆ ಎಂಟು ಹಲ್ಲಿನದರ ಕೆಲಸ ಹೇಳುವುದಿಲ್ಲ. ಕುದುರೆಗೂ ಹೀಗೆಯೇ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಬಿದ್ದು ಸ್ಥಿರ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತದೆ. ಬೆನ್ನಿನ ಮೂಳೆ ಬಲಿಯುವುದು ಅದಕ್ಕೂ ತಡ. ಬಾಯಿ ತುಂಬದ ಕುದುರೆಯನ್ನು ಭಾರಕ್ಕೂ ವೇಗಕ್ಕೂ ಹಚ್ಚಬಾರದು.

5. ಕಾಯಿದೆ ಏನು ಹೇಳುತ್ತದೆ?

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯಿದೆ 1960ರದು. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಬಳಿಕ 2017ರಲ್ಲಿ ನಮ್ಮ ರಾಜ್ಯವು ಕಾಯಿದೆಗೆ ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತಿನ ಓಟ, ಎತ್ತಿನ ಗಾಡಿ ಓಟಗಳಿಗೂ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಐವರು ನ್ಯಾಯಮೂರ್ತಿಗಳ ಪೀಠವು 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಆದರೆ ಗಮನಿಸಿರಿ: ಆ ತಿದ್ದುಪಡಿಯಲ್ಲಿ ಕುದುರೆ ಗಾಡಿಯ ಹೆಸರಿಲ್ಲ. ಎತ್ತಿಗೆ ಸಿಕ್ಕ ಅನುಮತಿ ಕುದುರೆಗೂ ಸಿಕ್ಕಿತೆಂದು ಜಾತ್ರಾ ಸಮಿತಿಯವರು ತಿಳಿಯಬಾರದು.

1965ರ ಇನ್ನೊಂದು ನಿಯಮಾವಳಿ ದಿನದ ದುಡಿಮೆಗೆ ಸಂಬಂಧಿಸಿದ್ದು. ಅದನ್ನು ಗಾಡಿಯಿರುವ ಪ್ರತಿಯೊಬ್ಬರೂ ಬಾಯಿಪಾಠ ಮಾಡುವುದು ಲೇಸು:

ಎರಡು ಗಾಲಿಯ ಗಾಡಿಗೆ ರಬ್ಬರ್ ಟಯರ್ ಇದ್ದರೆ ಕುದುರೆಗೆ 750 ಕಿಲೋ, ಇಲ್ಲದಿದ್ದರೆ 500 ಕಿಲೋ ಮಿತಿ. ತಟ್ಟುವಾದರೆ 600 ಮತ್ತು 400 ಕಿಲೋ.
ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು; ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಬಾರದು.
ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು.
ಮುಳ್ಳಿರುವ ಕೋಲು, ಮುಳ್ಳಿನ ಕಡಿವಾಣ ಬಳಸಬಾರದು.

ಬೇಸಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ನಿಮಗೆಲ್ಲ ಗೊತ್ತೇ ಇದೆ. ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಗಾಡಿಯಲ್ಲಿ ಸಾಗಿಸುವವರು ನಸುಕಿನಲ್ಲಿಯೇ ಹೊರಡಿರಿ. ಕುದುರೆಗೂ ತಂಪು, ಬಾಳೆಗೂ ತಂಪು.

6. ಮನೆಯಲ್ಲಿಯೇ ಮಾಡುವ ಅಭ್ಯಾಸ

ಹೊಲ ಖಾಲಿಯಿದ್ದಾಗ ಗಟ್ಟಿ ನೆಲ ನೋಡಿ ಎಂಟು ಖಾಲಿ ಡಬ್ಬಿಗಳನ್ನು ನಾಲ್ಕು ಜೋಡಿ ಮಾಡಿ ನಿಲ್ಲಿಸಿರಿ. ಪ್ರತಿ ಡಬ್ಬಿಯ ಮೇಲೆ ಒಂದು ನಿಂಬೆಹಣ್ಣು ಇಡಿರಿ. ಇನ್ನು ಮೆಟ್ಟಿಲು ಹತ್ತೋಣ.

ಮೊದಲ ಮೆಟ್ಟಿಲು: ಗಾಲಿಯ ಎರಡೂ ಬದಿಗೆ ಒಂದೊಂದು ಮೊಳ ಜಾಗ ಬಿಟ್ಟು, ಬರಿಯ ನಡಿಗೆಯಲ್ಲಿ ಹಾಯಿಸಿರಿ. ಪ್ರತಿ ಜೋಡಿ ದಾಟಿದ ಮೇಲೆ ನಿಲ್ಲಿಸಿ, ಹತ್ತು ಎಣಿಸಿ, ಮುಂದೆ ಹೋಗಿರಿ. ಕುದುರೆ ಸುಮ್ಮನೆ ನಿಲ್ಲುವುದನ್ನು ಕಲಿಯುವುದೇ ಮೊದಲ ವಿದ್ಯೆ.

ಎರಡನೆಯ ಮೆಟ್ಟಿಲು: ಜಾಗವನ್ನು ಒಂದು ಗೇಣಿಗೆ ಇಳಿಸಿ, ನಡಿಗೆ ಮತ್ತು ನಿಧಾನದ ಜಗ್ಗುನಡೆ ಎರಡರಲ್ಲಿಯೂ ಮಾಡಿರಿ.

ಮೂರನೆಯ ಮೆಟ್ಟಿಲು: ಅರ್ಧ ಗೇಣು ಜಾಗ, ನಡುವೆ ಎಡಬಲ ತಿರುವು.

ಮೇಲಿನ ಮೆಟ್ಟಿಲಿಗೆ ಹೋಗಲು ಎರಡು ಗುರುತು ಇಟ್ಟುಕೊಳ್ಳಿರಿ. ಸತತ ಮೂರು ದಿನ ಒಂದು ನಿಂಬೆಯೂ ಬೀಳಬಾರದು. ಚಾಟಿ ಕುದುರೆಯ ಮೈಮೇಲೆ ಬೀಳಬಾರದು. ನಿಂಬೆ ಬಿದ್ದರೆ ಕುದುರೆಗೆ ಹೊಡೆಯಬೇಡಿರಿ. ಲಗಾಮು ನಿಮ್ಮ ಕೈಯಲ್ಲಿತ್ತು, ಅದರ ಹಲ್ಲಿನಲ್ಲಲ್ಲ.

ನಾಡಿ ನೋಡುವುದನ್ನೂ ಕಲಿಯಿರಿ. ಕೆಳದವಡೆಯ ಒಳಅಂಚಿನಲ್ಲಿ ಬೆರಳು ಒತ್ತಿದರೆ ನಾಡಿ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ, 8ರಿಂದ 16 ಉಸಿರು. ಕೆಲಸ ನಿಲ್ಲಿಸಿ ಕಾಲು ಗಂಟೆ ಕಳೆದರೂ ನಾಡಿ 60ರ ಆಸುಪಾಸಿಗೆ ಇಳಿಯದಿದ್ದರೆ ಅಂದಿನ ಕೆಲಸ ಹೆಚ್ಚಾಯಿತೆಂದು ತಿಳಿದು, ನೆರಳಿಗೆ ಕಟ್ಟಿ, ಮೈಗೆ ನೀರು ಹಾಕಿರಿ. ಇಳಿಯದೇ ಹೋದರೆ ಪಶುವೈದ್ಯರನ್ನು ಕರೆಯಿರಿ.

7. ಜಾತ್ರಾ ಸಮಿತಿಗೂ ಯುವಕ ಮಂಡಲಕ್ಕೂ ಒಂದು ಸೂಚನೆ

ಓಟಕ್ಕೆ ಬದಲಾಗಿ ನಿಂಬೆಹಣ್ಣಿನ ಪರೀಕ್ಷೆಯನ್ನೇ ಏರ್ಪಡಿಸಿ ನೋಡಿರಿ. ಮೊದಲು ತಹಸೀಲ್ದಾರರಲ್ಲಿಯೂ ಪಶುಸಂಗೋಪನಾ ಇಲಾಖೆಯಲ್ಲಿಯೂ ವಿಚಾರಿಸಿ ಅನುಮತಿ ಪಡೆಯಿರಿ. ಪಶುವೈದ್ಯರನ್ನು ಕರೆಸಿ ಹಲ್ಲು, ಕಾಲು, ಬೆನ್ನು ನೋಡಿಸಿ, ಕುಂಟುವ ಇಲ್ಲವೆ ಬೆನ್ನು ಹುಣ್ಣಾದ ಪ್ರಾಣಿಯನ್ನು ಹಿಂದಕ್ಕೆ ಕಳುಹಿಸಿರಿ. ಹೊಸಬರಿಗೊಂದು, ಪಳಗಿದವರಿಗೊಂದು ಎಂದು ಎರಡು ಮಟ್ಟ ಮಾಡಿರಿ. ಒಪ್ಪವಾಗಿ ಸಾಕಿದ ಕುದುರೆಗೆ ಪ್ರತ್ಯೇಕ ಬಹುಮಾನವಿಡಿರಿ. ಎತ್ತಿನ ಗಾಡಿಗೂ ಇದೇ ಪರೀಕ್ಷೆ ಒಪ್ಪುತ್ತದೆ. ಕಾರಹುಣ್ಣಿಮೆಯ ಸಡಗರಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ. ಜನ ಉಸಿರು ಬಿಗಿಹಿಡಿದು ನೋಡುವುದು ನಿಂಬೆ ಅಲುಗಿದಾಗಲೂ ಉಂಟು.

ಮಂಡಲದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ವರ್ಗಕ್ಕೂ ಮಟ್ಟಕ್ಕೂ ಇರುವ ವ್ಯತ್ಯಾಸವೇನು?
2. ಅನುಭವಿ ಚಾಲಕನೂ ಹೊಸ ಕುದುರೆಯೊಡನೆ ಕೆಳಗಿನ ಮಟ್ಟದಿಂದ ತೊಡಗಬೇಕು, ಏಕೆ?
3. ನಿಮ್ಮ ಊರಿನ ಗಾಡಿ ಪ್ರಾಣಿಗಳಲ್ಲಿ ಬಾಯಿ ತುಂಬದವು ಎಷ್ಟು? ಅವು ಈಗ ಯಾವ ಕೆಲಸ ಮಾಡುತ್ತಿವೆ?
4. ಬೇಸಗೆಯ ಮಧ್ಯಾಹ್ನ ಗಾಡಿ ನಿಲ್ಲಿಸಲು ನೆರಳು, ನೀರಿನ ತೊಟ್ಟಿ ನಿಮ್ಮ ಊರಿನ ರಸ್ತೆಯಲ್ಲಿ ಎಲ್ಲಿವೆ? ಇಲ್ಲದಿದ್ದರೆ ಪಂಚಾಯಿತಿಯು ಎಲ್ಲಿ ಕಟ್ಟಿಸಬಹುದು?

ನಾಲ್ಕನೆಯ ಪ್ರಶ್ನೆಗೆ ಸಭೆಯಲ್ಲಿ ಬಂದ ಉತ್ತರವನ್ನು ಠರಾವಿನ ರೂಪದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿರಿ. ತೊಟ್ಟಿ ಕಟ್ಟಲು ಜಾಗ ಗೊತ್ತುಮಾಡುವ ದಿನ ಗ್ರಾಮ ಸೇವಕನಿಗೂ ಒಂದು ಮಾತು ತಿಳಿಸಿರಿ. ಅಳತೆ ಪಟ್ಟಿ ತೆಗೆದುಕೊಂಡು ಬರುತ್ತೇನೆ.

— ಗ್ರಾಮ ಸೇವಕ, ಕಮಲಾಪುರ