ನೆಟ್ ಇಲ್ಲ ಎನ್ನುವ ಮೊದಲು

ನಮ್ಮ ಸೊಸೈಟಿಯ ಹೊಸದುರ್ಗದ ಶಾಖೆಯಿಂದ ತೂಕದ ಚೀಟಿ ಸರ್ವರಿಗೆ ಹೋಗುತ್ತಿಲ್ಲ ಎಂದಾಗಲೆಲ್ಲ ಚಿತ್ರದುರ್ಗದ ಹೆಡ್ ಆಫೀಸಿನವರು ಹೇಳುತ್ತಿದ್ದದ್ದು ಒಂದೇ ಮಾತು: "ಅಲ್ಲಿ ನೆಟ್ ಸರಿ ಇಲ್ಲ." ನೆಟ್ ಸರಿಯಾಗಿಯೇ ಇತ್ತು. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರಿನ ಪುಟ ತಕ್ಷಣ ತೆರೆಯುತ್ತಿತ್ತು. ಕೈಕೊಡುತ್ತಿದ್ದದ್ದು ಹಿನ್ನೆಲೆಯಲ್ಲಿ ಓಡುವ ಹಳೆಯ ವಿಂಡೋಸ್ ಸರ್ವೀಸ್. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತಿತ್ತು. ಲೈನ್ ಕೆಟ್ಟಿದ್ದರೆ ರೀಸ್ಟಾರ್ಟ್ ಮಾಡಿದ ಮಾತ್ರಕ್ಕೆ ಯಾಕೆ ಸರಿಹೋಗಬೇಕು ಎಂದು ನಾನು ಮೊದಲಿಂದಲೂ ಕೇಳುತ್ತಿದ್ದೆ. ಹೆಡ್ ಆಫೀಸಿನ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ. "ನಿಂತಾಗಲೆಲ್ಲ ರೀಸ್ಟಾರ್ಟ್ ಮಾಡಿ" ಎಂದು ಆಪರೇಟರ್ ಹುಡುಗಿಗೆ ಆರ್ಡರ್ ಕೊಟ್ಟುಬಿಟ್ಟರು.

ಖರೀದಿಯ ದಿನ ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. ಆಕೆ ಒಂದು ಕಡೆ ಚೀಟಿ ಹೊಡೆಯುತ್ತಾ, ಇನ್ನೊಂದು ಕಡೆ ಸರ್ವೀಸ್ ನಿಲ್ಲಿಸಿ ಓಡಿಸುತ್ತಾ ಇದ್ದಳು. ಚೀಟಿ ಸರ್ವರಿಗೆ ತಲುಪಿ, ಉತ್ತರ ವಾಪಸ್ ಬರುವ ಮುಂಚೆಯೇ ಸರ್ವೀಸ್ ನಿಂತರೆ, ಮತ್ತೆ ಶುರುವಾದಾಗ ಅದೇ ಚೀಟಿಯನ್ನು ಇನ್ನೊಮ್ಮೆ ಕಳಿಸುತ್ತದೆ. ಹಾಗೆಯೇ ಆಯಿತು. ಒಬ್ಬ ಹಿರಿಯ ರೈತರ ಖಾತೆಗೆ ಒಂದೇ ಲೋಡಿನ ತೂಕ ಎರಡು ಸಲ ಏರಿತು. ಚಿತ್ರದುರ್ಗದಿಂದ ಬಂದಿದ್ದ ಮ್ಯಾನೇಜರ್ ಎಲ್ಲರೆದುರು ಕೂಗಿದರು: "ಏನಮ್ಮಾ, ಒಂದು ಲೋಡಿಗೆ ಎರಡು ಚೀಟಿನಾ? ಯಾರ ಜೊತೆ ಸೇರ್ಕೊಂಡಿದೀಯ?"

"ಸಾರ್, ನೀವು ಹೇಳ್ದಂಗೆ ರೀಸ್ಟಾರ್ಟ್ ಮಾಡಿದೀನಿ ಅಷ್ಟೇ..." ಮುಂದಕ್ಕೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ಕೊನೆಗೆ ಆ ರೈತರೇ ಮುಂದೆ ಬಂದರು. "ನಾನು ತಂದಿದ್ದು ಒಂದೇ ಲೋಡು ಸ್ವಾಮಿ. ಜಾಸ್ತಿ ಬಂದಿದೆ ಅಂತ ಹೇಳೋಕೇ ಬಂದಿದ್ದು. ಹುಡುಗೀನ ಯಾಕೆ ಬೈತೀರಿ?" ಆ ಮಾತಿಗೂ ಮ್ಯಾನೇಜರ್ ತಗ್ಗಲಿಲ್ಲ. ವಿಚಾರಣೆ ಆಗುವವರೆಗೆ ಕೀಬೋರ್ಡ್ ಮುಟ್ಟಬಾರದು ಎಂದು ಅವಳನ್ನು ಬದಿಗೆ ಕೂರಿಸಿದರು. ಇವತ್ತಿಗೂ ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಆ ಸಂಜೆ ಸರ್ವೀಸ್ ನಿಂತಿದ್ದಾಗಲೇ ನೆಟ್‌ಸ್ಟ್ಯಾಟ್ ಹಾಕಿ ನೋಡಿದೆ. ಸರ್ವರಿಗೆ ಎರಡೇ ಎರಡು ಕನೆಕ್ಷನ್. ಎರಡೂ ತೆರೆದೇ ಇವೆ, ಅಲ್ಲಾಡುತ್ತಿಲ್ಲ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನಲ್ಲಿ ಇಂಥ ಪ್ರೋಗ್ರಾಂ ಒಂದು ಸರ್ವರಿಗೆ ಏಕಕಾಲಕ್ಕೆ ತೆರೆಯುವುದು 2 ಕನೆಕ್ಷನ್ ಮಾತ್ರ. ಬೇರೆ ಹೇಳದಿದ್ದರೆ ಅದೇ ಮಿತಿ. ಬಂದ ಉತ್ತರವನ್ನು ಪೂರ್ತಿ ಓದದೆ, ಮುಚ್ಚದೆ ಬಿಟ್ಟರೆ ಆ ಕನೆಕ್ಷನ್ ಬಿಡುಗಡೆಯಾಗುವುದಿಲ್ಲ. ಎರಡು ಕೌಂಟರಿನಲ್ಲೂ ಕೆಲಸ ಮುಗಿದವರು ಕದಲದೆ ನಿಂತರೆ ಮೂರನೆಯವರು ಏನು ಮಾಡಬೇಕು? ಮೂರನೆಯ ಕೋರಿಕೆ 100 ಸೆಕೆಂಡ್ ಕಾದು ಟೈಮ್‌ಔಟ್ ಆಗುತ್ತದೆ. ಮೆಮೊರಿ ತೆರವು ಆದಾಗ ಸಿಕ್ಕಿಕೊಂಡ ಕನೆಕ್ಷನ್ ಕೆಲವೊಮ್ಮೆ ತಾನಾಗಿ ಬಿಡುಗಡೆಯಾಗುವುದರಿಂದ, ನೋಡುವವರಿಗೆ ನೆಟ್ ಬಂದು ಹೋಗುತ್ತಿದೆ ಎನಿಸುತ್ತದೆ.

ಸಾಫ್ಟ್‌ವೇರ್ ಬರೆದವರು 2 ಅನ್ನು 10 ಮಾಡಿ ಎಂದರು. ಅದರಿಂದ ನಿಲ್ಲುವುದು ತಡವಾಯಿತು, ತಪ್ಪಲಿಲ್ಲ. ಸೋರ್ಸ್ ಕೋಡ್ ಅವರ ಬಳಿಯೇ ಇದ್ದುದರಿಂದ ನಾವೇ ತಿದ್ದುವಂತಿರಲಿಲ್ಲ. ಕಾನ್ಫಿಗ್ ಫೈಲಿನಲ್ಲಿ ಸಿಸ್ಟಂ ಡಾಟ್ ನೆಟ್ ಟ್ರೇಸಿಂಗ್ ಆನ್ ಮಾಡಿ, ಆ ಲಾಗ್ ಕಳಿಸಿದ ಮೇಲೆ ಬಾಯಿ ಮುಚ್ಚಿಕೊಂಡು ತಿದ್ದಿಕೊಟ್ಟರು. ಒಂದೇ ಚೀಟಿ ನಂಬರ್ ಎರಡನೇ ಸಲ ಬಂದರೆ ಸರ್ವರ್ ತಿರಸ್ಕರಿಸುವಂತೆಯೂ ಹಠಹಿಡಿದು ಮಾಡಿಸಿದೆ.

ಹೊಳಲ್ಕೆರೆಯಲ್ಲೂ "ನೆಟ್ ಇಲ್ಲ" ಎನ್ನುತ್ತಿದ್ದರು. ಅಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡಿ ಸರ್ವರಿನ ಸರ್ಟಿಫಿಕೇಟನ್ನು ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ಹಿರಿಯೂರಿನಲ್ಲಿ ಸರ್ವೀಸ್ ಲೋಕಲ್ ಸಿಸ್ಟಂ ಖಾತೆಯಲ್ಲಿ ಓಡುತ್ತಿತ್ತು. ಲಾಗಿನ್ ಆದವರ ಪ್ರಾಕ್ಸಿ ಸೆಟ್ಟಿಂಗ್ ಅದಕ್ಕೆ ಸಿಗುವುದಿಲ್ಲ. ಸರ್ವರ್ ಟಿಎಲ್‌ಎಸ್ 1.2 ಬೇಕೇ ಬೇಕು ಎಂದರೆ, ಅದು ಗೊತ್ತಿಲ್ಲದ ಹಳೆಯ ಪ್ರೋಗ್ರಾಂ ಒಂದು ಸಲವೂ ಕೂಡುವುದಿಲ್ಲ. ಆಗಾಗ ಕೂಡಿ ಆಗಾಗ ಬಿಡುತ್ತಿದ್ದರೆ ಬೇರೆ ಕಾರಣ ಹುಡುಕಿ.

ಸೊಸೈಟಿಗಳ ಸೆಕ್ರೆಟರಿಗಳೇ, ಸಾಫ್ಟ್‌ವೇರ್ ಕೊಳ್ಳುವಾಗ ಸೋರ್ಸ್ ಕೋಡಿನ ಪ್ರತಿಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಲೆಕ್ಕದಲ್ಲಿ ಎರಡು ಚೀಟಿ ಕಂಡರೆ ಮೊದಲು ಲಾಗ್ ತೆಗೆಸಿ ನೋಡಿ, ಆಮೇಲೆ ಆಪರೇಟರನ್ನು ಕರೆಸಿ.