ತಾತನ ಚಿಲ್ಲರೆ ಚೀಲ

ಶ್ರಾವಣ ಮಾಸ ಬಂದಿತು. ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ತಾತ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೊರಟರು. ಹಿಂದಿನ ದಿನವೇ ಅವರು ಅಂಗಡಿಯಲ್ಲಿ ದೊಡ್ಡ ನೋಟು ಮುರಿಸಿ, ಹತ್ತರ ನೋಟುಗಳನ್ನೂ ನಾಣ್ಯಗಳನ್ನೂ ತಂದಿದ್ದರು. ಅವನ್ನು ಬಟ್ಟೆಯ ಚೀಲಕ್ಕೆ ಹಾಕಿದರು. ಉಳಿದ ದೊಡ್ಡ ನೋಟುಗಳು ಒಳಜೇಬು ಸೇರಿದವು.

"ತಾತ, ಅಪ್ಪ ಎಲ್ಲದಕ್ಕೂ ಫೋನಿನಲ್ಲೇ ಹಣ ಕೊಡುತ್ತಾರಲ್ಲ?" ಎಂದು ಕೇಳಿದೆ.

"ಜಾತ್ರೆಯಲ್ಲಿ ಜನ ಹೆಚ್ಚಾದರೆ ಫೋನು ಮಾತು ಕೇಳುವುದಿಲ್ಲ ಮಗು. ಇನ್ನು, ಒಂದು ತೆಂಗಿನಕಾಯಿಗೆ ಐನೂರರ ನೋಟು ಕೊಟ್ಟರೆ ಕಾಯಿ ಮಾರುವವನು ಚಿಲ್ಲರೆಗೆ ಎಲ್ಲಿ ಹೋಗಬೇಕು?"

ಆದೋನಿಯಲ್ಲಿ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ಚೀಲ ಬಿಚ್ಚಲು ಆಗದೆ ತಾತ ಜೇಬಿನಿಂದಲೇ ನೋಟು ಕೊಟ್ಟರು. ಕಂಡಕ್ಟರ ಹತ್ತಿರ ಚಿಲ್ಲರೆ ಇರಲಿಲ್ಲ. ಅವರು ಟಿಕೆಟ್ಟಿನ ಹಿಂದೆ 20 ಎಂದು ಬರೆದು, "ಇಳಿಯುವಾಗ ಕೇಳಿ" ಎಂದರು. ತಾತ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟು, "ಇದು ಇಪ್ಪತ್ತು ರೂಪಾಯಿ, ಜೋಪಾನ" ಎಂದರು. ನಾನು ಕಿಟಕಿಯ ಬಳಿ ಕುಳಿತು ಹತ್ತಿಯ ಹೊಲಗಳನ್ನು ನೋಡುತ್ತಾ ಹೋದೆ. ಉರುಕುಂದ ಬಂತು. ಎಲ್ಲರೂ ನೂಕಿಕೊಂಡು ಇಳಿದರು. ನಾವೂ ಇಳಿದೆವು. ಬಸ್ಸು ತಿರುಗಿ ಹೊರಟುಹೋಯಿತು. ಆಮೇಲೆ ನನ್ನ ಕೈಯಲ್ಲಿ ಟಿಕೆಟ್ಟು ಇರುವುದು ಕಾಣಿಸಿತು!

ತಾತ ಬೈಯಲಿಲ್ಲ. "ಇಪ್ಪತ್ತು ರೂಪಾಯಿ ಮಂಡಕ್ಕಿ ಮಿರ್ಚಿ ಹೋಯಿತು" ಎಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ದರ್ಶನದ ಸಾಲು ಉದ್ದವಾಗಿತ್ತು. ನಮ್ಮ ಮುಂದೆ ರಾಯಚೂರಿನವರು, ಹಿಂದೆ ಬಳ್ಳಾರಿಯವರು ನಿಂತಿದ್ದರು. ನನ್ನ ಮುಖ ಸಣ್ಣದಾದುದನ್ನು ನೋಡಿ ತಾತ ಒಂದು ಕಥೆ ಹೇಳಿದರು.

"ನಮ್ಮ ಅಪ್ಪ ನಿನಗಿಂತ ಹೆಚ್ಚು ಕಳೆದುಕೊಂಡಿದ್ದರು ಕಣೋ. ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮದರಾಸಿನ ಆಳ್ವಿಕೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಕರ್ನೂಲು ಜಿಲ್ಲೆಗೆ ಸೇರಿತು. ತುಂಗಭದ್ರೆಯ ಆಚೆ ರಾಯಚೂರು, ಅದು ಹೈದರಾಬಾದಿನ ನಿಜಾಮರ ಸೀಮೆ. ಅಲ್ಲಿಯ ಹಣವೇ ಬೇರೆ! ನಮ್ಮ ಕಡೆಯ ರೂಪಾಯಿಯ ಮೇಲೆ ಇಂಗ್ಲೆಂಡಿನ ರಾಜನ ತಲೆ. ಅದನ್ನು ಆಚೆಯವರು ಕಲ್ದಾರ್ ಎನ್ನುತ್ತಿದ್ದರು. ಅವರ ರೂಪಾಯಿಯ ಮೇಲೆ ಚಾರ್‌ಮಿನಾರಿನ ಚಿತ್ರ. ಅದು ಹಾಲಿ ಸಿಕ್ಕಾ. ಎರಡರಲ್ಲೂ ರೂಪಾಯಿಗೆ ಹದಿನಾರು ಆಣೆ. ಆದರೆ ಹಾಲಿಯಲ್ಲಿ ಬೆಳ್ಳಿ ಕಡಿಮೆ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಸಮ."

"ಮುತ್ತಾತನಿಗೆ ಗೊತ್ತಿರಲಿಲ್ಲವೇ?" ತಮ್ಮ ಕೇಳಿದ.

"ಹುಡುಗ ವಯಸ್ಸು. ನದಿ ದಾಟಿ ಕರು ಮಾರಿ, ಏಳು ರೂಪಾಯಿ ತಂದು ಹಿಗ್ಗಿದರು. ಇಲ್ಲಿ ಬದಲಿಸಿದಾಗ ಆರು ರೂಪಾಯಿಯೂ ಪೂರ್ತಿ ಬರಲಿಲ್ಲ. ಹಣ ಬದಲಿಸುವ ಸರಾಫ ತನ್ನ ಪಾಲು ಮುರಿದುಕೊಂಡ. ಅದಕ್ಕೆ ವಟ್ಟ ಎನ್ನುತ್ತಿದ್ದರು."

ಈಗ ಮೂರು ರಾಜ್ಯಗಳ ಜನರೂ ಉರುಕುಂದದಲ್ಲಿ ಒಂದೇ ನಾಣ್ಯ ಕೊಟ್ಟು ಕಾಯಿ ಕೊಳ್ಳುತ್ತಾರೆ. ಬೇರೆ ದೇಶಕ್ಕೆ ಹೋದರೆ ಮಾತ್ರ ಇಂದಿಗೂ ಹಣ ಬದಲಿಸಬೇಕು. ನಮ್ಮ ಸೋದರಮಾವ ಕೆಲಸದ ಮೇಲೆ ಅಮೆರಿಕಕ್ಕೂ ಜಪಾನಿಗೂ ಹೋಗಿ ಬಂದಿದ್ದಾರೆ. ಉಳಿದ ನೋಟುಗಳನ್ನು ಇಲ್ಲಿ ಬದಲಿಸಿಕೊಟ್ಟರು, ನಾಣ್ಯಗಳನ್ನು ಮುಟ್ಟಲಿಲ್ಲ. ಅವು ಈಗ ನಮ್ಮ ಆಟದ ಡಬ್ಬಿಯಲ್ಲಿವೆ.

ಇನಾಮು ಕೊಡುವ ರೀತಿಯೂ ದೇಶದಿಂದ ದೇಶಕ್ಕೆ ಬೇರೆಯಂತೆ. ಅಮೆರಿಕದ ಹೋಟೆಲಿನಲ್ಲಿ ಇಪ್ಪತ್ತು ಡಾಲರ್ ಊಟಕ್ಕೆ ಬಡಿಸಿದವರಿಗೆಂದು ಮೂರು ನಾಲ್ಕು ಡಾಲರ್ ಸೇರಿಸಿ ಕೊಡಬೇಕು. ಅವರ ಸಂಪಾದನೆಯಲ್ಲಿ ಆ ಹಣದ ಪಾಲು ದೊಡ್ಡದು. ಜಪಾನಿನಲ್ಲಿ ಆ ರೂಢಿಯೇ ಇಲ್ಲ. ಮಾವ ಮೇಜಿನ ಮೇಲೆ ನಾಣ್ಯ ಬಿಟ್ಟು ಬಂದರೆ, ಬಡಿಸಿದವರು ಮರೆತು ಹೋಗಿದ್ದಾರೆಂದು ಬೀದಿಯವರೆಗೆ ಓಡಿಬಂದು ಹಿಂತಿರುಗಿಸಿದರಂತೆ!

ದರ್ಶನ ಮುಗಿಯಿತು. ಹೊರಗೆ ನಮ್ಮ ಚಪ್ಪಲಿ ಕಾದಿದ್ದ ಅಜ್ಜಿಗೆ ಹದಿನೈದು ರೂಪಾಯಿ ಕೊಡಬೇಕಿತ್ತು. ತಾತ ಎರಡು ಹತ್ತರ ನಾಣ್ಯಗಳನ್ನು ಅವಳ ಅಂಗೈಯಲ್ಲಿ ಇಟ್ಟು, "ಉಳಿದದ್ದು ನಿನಗೇ ಇರಲಿ ಅವ್ವಾ" ಎಂದರು. ಅವಳು ನಾಣ್ಯಗಳನ್ನು ತಿರುಗಿಸಿ ನೋಡಿ, "ಇವು ನಡೆಯುತ್ತವೆಯೇನಪ್ಪಾ?" ಎಂದಳು.

"ನಡೆಯುತ್ತವೆ ಅವ್ವಾ. ಹತ್ತರ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ" ಎಂದರು ತಾತ. ಹಾಗೆ ಹೇಳಿದರೂ ನಾಣ್ಯಗಳನ್ನು ಹಿಂದಕ್ಕೆ ತೆಗೆದುಕೊಂಡು ಎರಡು ನೋಟು ಕೊಟ್ಟರು.

"ಯಾಕೆ ತಾತ?"

"ಸಂಜೆ ಅಕ್ಕಿ ಅಂಗಡಿಯಲ್ಲಿ ಅವಳು ಯಾರ ಜೊತೆ ವಾದ ಮಾಡಬೇಕು? ನಾನಾದರೆ ಮಾಡುತ್ತೇನೆ."

ಸಂಜೆ ಬಸ್ಸು ಹತ್ತುವ ಹೊತ್ತಿಗೆ ಚೀಲ ಬರಿದಾಗಿತ್ತು. ಕಂಡಕ್ಟರು ಟಿಕೆಟ್ಟಿನ ಹಿಂದೆ 10 ಎಂದು ಬರೆದರು. ತಾತ ಅದನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಆದೋನಿ ಬರುವವರೆಗೆ ನಾನು ಕಿಟಕಿಯ ಕಡೆ ನೋಡಲಿಲ್ಲ.

ಅಭ್ಯಾಸ

1. ತಾತ ಹಿಂದಿನ ದಿನವೇ ಚಿಲ್ಲರೆ ತಂದದ್ದು ಏಕೆ?
2. 35 ಹಾಲಿ ರೂಪಾಯಿಗೆ ಎಷ್ಟು ಕಲ್ದಾರ್ ರೂಪಾಯಿ? ಲೆಕ್ಕ ಮಾಡಿರಿ.
3. ತಾತ ಅಜ್ಜಿಗೆ ನಾಣ್ಯದ ಬದಲು ನೋಟು ಕೊಟ್ಟದ್ದು ಸರಿಯೇ? ನಿಮ್ಮ ಗೆಳೆಯರೊಂದಿಗೆ ಚರ್ಚಿಸಿರಿ.
4. ಹಳೆಯ ನಾಣ್ಯಗಳ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.