ಕೇಬಲ್ಲಿನ ಲೆಕ್ಕ, ನೆಲದ ಲೆಕ್ಕ

ತಂಗಿ, ಪೈಪ್‌ಲೈನ್ ಕಾಯುವ ಕಂಟ್ರೋಲ್ ರೂಮಿನಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಕೇಳಿ ಹಿಗ್ಗಾಯಿತು. ಆದರೆ ಆ ಏಸಿ ಕೋಣೆಯಲ್ಲೇ ಕೂತುಬಿಡಬೇಡ.

ನಮ್ಮ ಕಾಲದ ವಾಲ್ವ್‌ಮನ್‌ಗಳು ಊರು ಮಲಗಿದ ಮೇಲೆ ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೆ ಊರಿ, ಇನ್ನೊಂದು ತುದಿ ಕಿವಿಗೆ ಹಚ್ಚಿ ಸೋರಿಕೆ ಹುಡುಕುತ್ತಿದ್ದರು. ಪೈಪಿನ ಪಕ್ಕ ಹೂತ ನಿಮ್ಮ ಕೇಬಲ್ಲಿನ ಗಾಜಿನ ಎಳೆ ಅದನ್ನೇ ಹಗಲಿರುಳು, ಹತ್ತಾರು ಕಿಲೋಮೀಟರ್ ಉದ್ದಕ್ಕೂ ಮಾಡುತ್ತದೆ. ಲೇಸರ್ ಬೆಳಕು ಬಿಟ್ಟರೆ ಎಳೆಯ ಪ್ರತಿ ಜಾಗದಿಂದಲೂ ಅದರ ಚೂರು ಪಾಲು ಹಿಂದಕ್ಕೆ ಚದುರಿ ಬರುತ್ತದೆ. ಒಂದು ಕಿ.ಮೀ. ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು. ಬಂದ ಹೊತ್ತಿನಿಂದಲೇ ಜಾಗದ ಲೆಕ್ಕ. ನೆಲ ಅದುರಿದರೆ ಆ ಬೆಳಕು ಏರುಪೇರಾಗುತ್ತದೆ. ಗ್ಯಾಸ್ ಸೋರಿದರೆ ಸುತ್ತಲಿನ ಮಣ್ಣು ತಣ್ಣಗಾಗುತ್ತದೆ. ಆ ತಂಪನ್ನು ಅಳೆಯುವುದು ಸಿ.ವಿ. ರಾಮನ್ 1928ರಲ್ಲಿ ಕಂಡ ಚದುರುವಿಕೆಯಿಂದ. ನೊಬೆಲ್ ತಂದ ಸಂಗತಿ ಪೈಪ್ ಕಾಯಲಿಕ್ಕೂ ಬಂತಲ್ಲ ಎಂದು ನನಗೆ ಇಂದಿಗೂ ಬೆರಗು.

ಇನ್ನು ನಮ್ಮ ನೆಲದ ಮಾತು. ದಾಭೋಲದಿಂದ 2013ರಲ್ಲಿ ಬೆಂಗಳೂರು ಮುಟ್ಟಿದ ಗ್ಯಾಸ್ ಪೈಪು ನಮ್ಮ ಜಿಲ್ಲೆಯನ್ನು ಹಾದೇ ಹೋಗಿದೆ. ಸವದತ್ತಿಯ ನವಿಲುತೀರ್ಥದ ಮಲಪ್ರಭೆ ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡದ ನಲ್ಲಿ ಸೇರುವುದೂ ಪೈಪಿನಲ್ಲೇ. ನಮ್ಮ ಎರಿ ಭೂಮಿ ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಪೈಪಿನ ಜೋಡುಗಳನ್ನು ಎಳೆದಾಡುತ್ತದೆ. ಕೇಬಲ್ಲನ್ನೂ ಬಿಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲು, ಎಲ್ಲವೂ ನಿನ್ನ ಪರದೆಯ ಗೆರೆಯನ್ನು ಕುಣಿಸುತ್ತವೆ. ಹಾಗಂತ ಅಲಾರಂ ಬಂದ ಕೂಡಲೇ ಒತ್ತಿ ಬಾಯಿ ಮುಚ್ಚಿಸುವ ಚಟ ಹತ್ತಿಸಿಕೊಳ್ಳಬೇಡ. ಪೈಪಿನ ಮಗ್ಗುಲಲ್ಲಿ ಜೆಸಿಬಿ ಅಗೆಯುವ ಸದ್ದೂ ಅದೇ ಗದ್ದಲದೊಳಗೆ ಬರುತ್ತದೆ. ಅದನ್ನು ಆಗಲೇ ಹಿಡಿದರೆ ಸೋರಿಕೆಯ ಮಾತೇ ಬರಲಿಕ್ಕಿಲ್ಲ.

ಸೇರಿದ ಮೊದಲ ತಿಂಗಳೇ ಲೈನ್ ಕಾಯುವವರ ಜೊತೆ ನಡೆ. ಕೇಬಲ್ ಜೋಡಿಸಿದಲ್ಲೆಲ್ಲ ಹೆಚ್ಚಿನ ಸುರುಳಿ ಹೂತಿರುತ್ತಾರೆ, ಹಾಗಾಗಿ ಕೇಬಲ್ಲಿನ ಉದ್ದ ನೆಲದ ಉದ್ದಕ್ಕಿಂತ ಹೆಚ್ಚು. ಕೇಬಲ್ಲಿನ 12ನೇ ಕಿ.ಮೀ. ಹುಡುಕಿಕೊಂಡು ನೆಲದ 12ನೇ ಕಿ.ಮೀ.ಗೆ ಹೋದರೆ ಬೇರೆಯವರ ಹೊಲ ಅಗೆದು ಬರುತ್ತೀ. ಗುರುತಿನ ಕಲ್ಲಿನ ಹತ್ತಿರ ಸುತ್ತಿಗೆಯಿಂದ ನೆಲ ಬಡಿಸು. ಪರದೆಯ ಮೇಲೆ ಅದು ಎಲ್ಲಿ ಕಂಡಿತೆಂದು ಫೋನಿನಲ್ಲಿ ಕೇಳಿ ಬರೆದುಕೋ. ಬೋರ್‌ವೆಲ್ ಯಾರ ಹೊಲದಲ್ಲಿದೆ, ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನೂ ಕೇಳು. ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಮೋಟರು ಗುಂಯ್ ಎಂದದ್ದಕ್ಕೇ ಮಂದಿಯನ್ನು ಹಾಸಿಗೆಯಿಂದ ಎಬ್ಬಿಸಿ ಓಡಿಸೀಯ.